ಕನ್ವೇಯರ್ ಬೆಲ್ಟಿನ ಧೂಳನ್ನು ಹುಟ್ಟುವಲ್ಲೇ ತಡೆಯುವುದು ಹೇಗೆ?

ಸಂಡೂರು ಸುತ್ತಿನ ಕಬ್ಬಿಣದ ಅದಿರಿನ ಗಣಿಗಳಂಥ ಕಡೆ ಬೆಲ್ಟಿನಿಂದ ಧೂಳೆದ್ದರೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ನೀರು ಹೊಡೆಯುವುದು. ಆದರೆ ಧೂಳು ಹೆಚ್ಚಾಗಿ ಹುಟ್ಟುವುದು ಒಂದು ಬೆಲ್ಟಿನ ಅದಿರು ಇನ್ನೊಂದರ ಮೇಲೆ ಬೀಳುವ ಚ್ಯೂಟಿನಲ್ಲಿ, ಅಂದರೆ ಅದಿರು ಜಾರಿ ಇಳಿಯುವ ದೋಣಿಯಂಥ ದಾರಿಯಲ್ಲಿ. ಬೀಳುವ ಅದಿರು ಗಾಳಿಯನ್ನೂ ತನ್ನೊಡನೆ ಒಳಕ್ಕೆ ಎಳೆದೊಯ್ಯುತ್ತದೆ. ಆ ಗಾಳಿ ಸಿಕ್ಕ ಸಂದಿಯಿಂದೆಲ್ಲ ಧೂಳನ್ನು ಹೊತ್ತುಕೊಂಡು ಹೊರನುಗ್ಗುತ್ತದೆ. ಅದಿರಿನೊಂದಿಗೆ ಬರುವ ಸಿಲಿಕಾದ ಕಣಗಳು 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣವಾದರೆ ಕಣ್ಣಿಗೆ ಕಾಣದೆಯೇ ಶ್ವಾಸಕೋಶ ಸೇರುತ್ತವೆ.

ಕೆಲಸಕ್ಕೆ ಮುನ್ನ ಬೆಲ್ಟ್ ನಿಲ್ಲಿಸಿ, ವಿದ್ಯುತ್ ಕಡಿತಗೊಳಿಸಿ, ಸ್ವಿಚ್ಚಿಗೆ ಬೀಗ ಹಾಕಬೇಕು. ನಂತರ ಅದಿರು ಬೀಳುವ ಎತ್ತರವನ್ನು ಸಾಧ್ಯವಾದಷ್ಟು ತಗ್ಗಿಸಿ, ಅದು ಬೆಲ್ಟಿನ ನಡುವಿಗೆ, ಬೆಲ್ಟ್ ಚಲಿಸುವ ದಿಕ್ಕಿನಲ್ಲೇ ಜಾರುವಂತೆ ಚ್ಯೂಟನ್ನು ತಿದ್ದಬೇಕು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಅದಿರು ಪಕ್ಕಕ್ಕೆ ಚೆಲ್ಲದಂತೆ ಬೆಲ್ಟಿನ ಎರಡೂ ಅಂಚಿಗೆ ನಿಲ್ಲಿಸುವ ತಗಡಿನ ಗೋಡೆಯೇ ಸ್ಕರ್ಟ್; ಅದರ ಬುಡದಲ್ಲಿ ಬೆಲ್ಟಿಗೆ ತಾಗುವ ಪಟ್ಟಿ ಸ್ಕರ್ಟ್ ರಬ್ಬರ್. ಈ ರಬ್ಬರಿನ ಕೆಳಗಿಂದ ಧೂಳು ಬಂದೊಡನೆ ರಬ್ಬರನ್ನೇ ಇನ್ನಷ್ಟು ಒತ್ತಿ ಬಿಗಿಯುತ್ತಾರೆ. ಬಹಳಷ್ಟು ಸಲ ತಪ್ಪಿರುವುದು ಕೆಳಗೆ: ಅದಿರು ಬೀಳುವಲ್ಲಿ ರೋಲರುಗಳ ನಡುವೆ ಬೆಲ್ಟ್ ಜೋತು ಬಿದ್ದಿರುತ್ತದೆ, ಆ ಜೋಲಿನಲ್ಲೇ ಸಂದಿ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊದಲು ರೋಲರುಗಳನ್ನು ಹತ್ತಿರ ಹತ್ತಿರ ಜೋಡಿಸಿ ಬೆಲ್ಟನ್ನು ಸಮ ಮಾಡಿ, ಆಮೇಲೆ ರಬ್ಬರನ್ನು ಹಗುರವಾಗಿ ತಾಗಿಸಬೇಕು. ಸ್ಕರ್ಟಿನ ಉಕ್ಕಿನ ತಗಡಿಗೂ ಬೆಲ್ಟಿಗೂ ನಡುವಿನ ಅಂತರವು ಬೆಲ್ಟ್ ಸಾಗುವ ಕಡೆಗೆ ತುಸು ಹಿಗ್ಗುತ್ತಾ ಹೋಗಬೇಕು. ಇಲ್ಲವಾದರೆ ಸಿಕ್ಕಿಕೊಂಡ ಒಂದೇ ಕಲ್ಲು ಬೆಲ್ಟಿನುದ್ದಕ್ಕೂ ಗೀರು ಎಳೆಯುತ್ತದೆ. ಹಳೆಯ ಬೆಲ್ಟ್ ಕತ್ತರಿಸಿ ಸ್ಕರ್ಟ್ ಮಾಡುವ ಉಳಿತಾಯ ಖಂಡಿತ ಬೇಡ, ಅದರಲ್ಲಿ ಹುದುಗಿದ ಹರಳುಗಳು ಹೊಸ ಬೆಲ್ಟನ್ನು ಉಜ್ಜಿ ತಿನ್ನುತ್ತವೆ. ಬೆಲ್ಟಿನ ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ, ಧೂಳು ಒಳಗೇ ಕೂರಲು ಅದಿರು ಬೀಳುವ ಜಾಗದಿಂದ ಮುಂದೆ ಸುಮಾರು 2.4 ಮೀಟರ್ ಮುಚ್ಚಿದ ಸ್ಕರ್ಟ್ ಬೇಕು; ಅದರೊಳಗೆ ರಬ್ಬರ್ ಪರದೆಗಳನ್ನೂ ಇಳಿಬಿಡಬೇಕು.

ನೀರಿನ ಸರದಿ ಇದಾದ ಮೇಲೆ. ಅದಿರು ಮಗುಚಿ ಬೀಳುವಲ್ಲೇ ಸಿಂಪಡಿಸಿದರೆ ಕಣಗಳೆಲ್ಲ ನೆನೆಯುತ್ತವೆ. ಅದಿರಿನ ತೂಕದ ಶೇ 1ರಷ್ಟು ನೀರಿನಿಂದ ಆರಂಭಿಸಿ ನೋಡುತ್ತಾ ಹೊಂದಿಸುವುದು ಒಳ್ಳೆಯದು. ನೆನೆಸಲು 200ರಿಂದ 500 ಮೈಕ್ರಾನಿನ ಹನಿಗಳು ಸರಿ. ಗಾಳಿಯಲ್ಲಿ ತೇಲುವ ಧೂಳನ್ನು ಹಿಡಿಯಲು ಇನ್ನೂ ಸಣ್ಣ ಹನಿಗಳ ಮಂಜೇ ಬೇಕು. ನೀರು ಮಿತಿಮೀರಿದರೆ ಪುಡಿ ಕೆಸರಾಗಿ ಚ್ಯೂಟ್ ಕಟ್ಟಿಕೊಳ್ಳುತ್ತದೆ, ಬೆಲ್ಟಿಗಂಟಿದ್ದು ಮರಳುವ ದಾರಿಯಲ್ಲಿ ಒಣಗಿ ಉದುರುತ್ತದೆ. ಅದಕ್ಕಾಗಿ ತುದಿಯ ಪುಲ್ಲಿಯಲ್ಲೊಂದು, ಅದರ ಹಿಂದೊಂದು ಸ್ಕ್ರೇಪರ್ (ಬೆಲ್ಟಿಗಂಟಿದ್ದನ್ನು ಕೆರೆದು ತೆಗೆಯುವ ಪಟ್ಟಿ) ಇರಲೇಬೇಕು.

ಕೆಳಗೆ ಬಿದ್ದ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದದೆ, ಬೆಲ್ಟ್ ನಿಂತಿರುವಾಗ ನೀರು ಚಿಮುಕಿಸಿ ಸಲಿಕೆಯಿಂದ ಎತ್ತಬೇಕು.