ಹೊಲದಾಗ ಸಿಕ್ಕಿದ್ದು ಪಳೆಯುಳಿಕೆನೋ ಬರೇ ಕಲ್ಲೋ, ಹಿಂಗ ನೋಡ್ರಿ

ಮೊದಲು ಶಹಾಬಾದ್ ಫರಸಿ (ನೆಲಕ್ಕ ಹಾಸೋ ಸುಣ್ಣಕಲ್ಲು) ಮ್ಯಾಲಿನ ಎಲಿ ಚಿತ್ರದ ಮಾತು, ಯಾಕಂದ್ರ ನಮ್ಮ ಕಡೆ ಭಾಳ ಮಂದಿ ಮೋಸ ಹೋಗೋದು ಅಲ್ಲೇ. ಕರ್ರಗ ಗಿಡದ ಟೊಂಗಿ ಹಂಗ ಹಬ್ಬಿರ್ತದ ನೋಡ್ರಿ, ಅದು ಗಿಡ ಅಲ್ಲ, ಕಲ್ಲಿನ ಬಿರುಕಿನಾಗ ನೀರು ಇಳಿದಾಗ ಮ್ಯಾಂಗನೀಸು ಕಬ್ಬಿಣ ಹರಡಿ ಕುಂತಿದ್ದು. ಲೆನ್ಸ್ ಹಿಡಿದು ನೋಡ್ರಿ, ಎಲಿಗೆ ನಡುವ ಒಂದು ನರ, ಅದರಿಂದ ಸಣ್ಣ ನರ ಇರ್ತಾವ, ಇದರಾಗ ಅವು ಸಿಗೋದೇ ಇಲ್ಲ, ಟೊಂಗಿ ಮನಸಿಗೆ ಬಂದಂಗ ಒಡೀತಾವ. ಮತ್ತ ಆ ಸುಣ್ಣಕಲ್ಲು ಡೈನೋಸಾರ್‌ಗಿಂತ ಎಷ್ಟೋ ಹಳೇದು, ಅದರಾಗ ಎಲುಬು ಹುಡುಕಬ್ಯಾಡ್ರಿ.

ಕರಿಕಲ್ಲಿನ ಗುಂಡು ನೋಡಿ ಡೈನೋಸಾರ್ ತತ್ತಿ ಅಂತಾರ. ಉಳ್ಳಾಗಡ್ಡಿ ಸಿಪ್ಪಿ ಹಂಗ ಪದರು ಪದರು ಬಿಚ್ಚಿದ್ರ ಅದು ಬಿಸಿಲು ಮಳಿಗೆ ಸವೆದ ಬಸಾಲ್ಟು, ಅಂದ್ರ ಲಾವಾ ಆರಿ ಆದ ಕರಿಕಲ್ಲು ಅಷ್ಟ. ಖರೇ ತತ್ತಿ ಇದ್ರ ತೆಳ್ಳನ ಚಿಪ್ಪು, ಮ್ಯಾಲೆ ಒಂದೇ ನಮೂನಿ ಸಣ್ಣ ಗುಳ್ಳಿ ಇಲ್ಲಾ ರಂಧ್ರ ಕಾಣ್ತಾವ. ಬೀದರ್ ಕಡೆ ಕೆಂಪು ತೂತುಗಲ್ಲು ಎಲುಬಿನಂಗ ಕಾಣ್ತದ, ಆದ್ರ ಎಲುಬಿನ ತೂತು ಸಣ್ಣವು, ಹೊರಗಿನ ಪದರು ಗಟ್ಟಿ, ಈ ಕಲ್ಲಿನಾಗ ದೊಡ್ಡು ಸಣ್ಣು ತೂತು ಎಲ್ಲಾ ಕಡೆ ಇರ್ತಾವ.

ಖರೇ ಪಳೆಯುಳಿಕಿ ಬೇಕಂದ್ರ ಗುರುಮಠಕಲ್ ಕಡೆ ಲಾವಾ ಪದರಿನ ನಡುವಿನ ಕೆಸರುಗಲ್ಲು ನೋಡ್ರಿ, ಸುಮಾರು 6.6 ಕೋಟಿ ವರ್ಷದ ಹಿಂದಿನ ಕೆರಿಯೊಳಗಿನ ಜೀವಿಗಳ ಸಣ್ಣ ಚಿಪ್ಪು ಅಲ್ಲಿ ಸಿಕ್ಕಾವ, ಎಷ್ಟು ಚಂದ! ಸಿಕ್ರ ಕಿತ್ತಬ್ಯಾಡ್ರಿ, ಸುತ್ತಿಗಿ ಅಂತೂ ಬ್ಯಾಡೇ ಬ್ಯಾಡ, ಬಾಜೂಕ ನಾಣ್ಯ ಇಟ್ಟು ಫೋಟೋ ತಗೊಂಡು ಜಾಗ ಬರ್ಕೊಂಡು ಭೂವಿಜ್ಞಾನ ಓದಿದವರಿಗೆ ತೋರಸ್ರಿ.