ಹೆಸರಿಲ್ಲದ ಪೆಡಲ್ ಸ್ಟೀಲ್ ಗಿಟಾರ್: ತಯಾರಿಸಿದವರು ಯಾರು?

ಹೆಸರಿನ ಫಲಕ ಉದುರಿಹೋದ ಪೆಡಲ್ ಸ್ಟೀಲ್ ಸಿಕ್ಕರೆ ಹೆಚ್ಚಿನವರು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ನೋಡಿ ಕಂಪನಿಯ ಹೆಸರು ಹೇಳಿಬಿಡುತ್ತಾರೆ. ಪಿಕಪ್, ಕಾಲುಗಳು, ಪೆಡಲ್ ಪಟ್ಟಿ ಎಲ್ಲವೂ ಒಂದು ವಾದ್ಯದಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವ ಭಾಗಗಳು, ಅವನ್ನು ನಂಬಬೇಡಿ. ನಮ್ಮಲ್ಲಿ ಹವಾಯಿಯನ್ ಗಿಟಾರ್ ಎನ್ನುವ ವಾದ್ಯಕ್ಕೆ ಕಾಲು, ಪೆಡಲ್, ಮಂಡಿ ಲಿವರ್ ಜೋಡಿಸಿ ಪೆಡಲ್ ಸ್ಟೀಲ್ ಆಗಿ ಬೆಳೆಸಿದ್ದು ಅಮೆರಿಕದಲ್ಲಿ. ಅಲ್ಲಿ ದೊಡ್ಡ ಕಂಪನಿಗಳ ಜೊತೆಗೆ ಸಣ್ಣ ಮಷಿನ್ ಶಾಪ್‌ಗಳೂ ಇದನ್ನು ತಯಾರಿಸಿವೆ. ಗುರುತು ಸಿಗುವುದು ಅಡಿಭಾಗದಲ್ಲಿ.

ಮೊದಲು ಪೆಡಲ್ ಕಡ್ಡಿಗಳನ್ನೂ ಕಾಲುಗಳನ್ನೂ ಬಿಚ್ಚಿ. ತಂತಿ ಮಾತ್ರ ಸಡಿಲಿಸಬೇಡಿ, ಬಿಗಿ ಇದ್ದರೇ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಕಾಣುವುದು. ದಪ್ಪಗೆ ಮಡಿಸಿದ ಎರಡು ಟವೆಲ್‌ಗಳನ್ನು ಮರದ ಎರಡು ತುದಿಗೆ ಕೊಟ್ಟು ವಾದ್ಯವನ್ನು ಬೋರಲು ಹಾಕಿ; ಭಾರ ತಂತಿಯ ಮೇಲೆ ಬೀಳಬಾರದು. ಒರೆಸುವ ಮುನ್ನವೇ ಫೋಟೊ ತೆಗೆಯಿರಿ. ಮುಂಭಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದರೆ ಹಳೆಯ ಫಲಕದ ನೆರಳು, ಸ್ಕ್ರೂ ತೂತುಗಳು ಎದ್ದು ಕಾಣುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಆತುರ ಬೇಡ: ಅದು ಚೇಂಜರ್‌ನಲ್ಲಿ, ಅಂದರೆ ತಂತಿಗಳ ಸ್ವರ ಏರಿಸಿ ಇಳಿಸುವ ಯಂತ್ರಭಾಗದಲ್ಲಿ, ಕುಳಿತು ಅಂಟಾಗುತ್ತದೆ.

ಈಗ ಮುಖ್ಯ ಕೆಲಸ, ಎಲ್ಲರೂ ಎಡವುವುದು ಇಲ್ಲೇ. ನುಡಿಸುವವರ ಬಲತುದಿಯಲ್ಲಿ ತಂತಿಗಳು ಬಾಗಿ ಇಳಿಯುವ ಚೇಂಜರ್‌ನಿಂದ ಅಡಿಯಲ್ಲಿ ಹೊರಟ ಸರಳುಗಳನ್ನು ನೋಡಿ. ಸರಳಿನ ಜಾಗದಲ್ಲಿ ಉಕ್ಕಿನ ಕೇಬಲ್‌ಗಳಿದ್ದು, ಒಂದೊಂದು ನೆಕ್‌ಗೆ (ತಂತಿಗಳ ಒಂದು ಸಾಲಿಗೆ) ಎಂಟೇ ತಂತಿಗಳಿದ್ದರೆ ಮೊದಲ ಅನುಮಾನ ಫೆಂಡರ್ ಕಂಪನಿಯ 400 ಅಥವಾ 1000 ಮಾದರಿಯ ಮೇಲಿರಲಿ. ಇವು 1957ರ ಸುಮಾರಿಗೆ ಬಂದವು. ಸರಳುಗಳಿದ್ದರೆ, ಸ್ವರ ಇಳಿಸುವ ಒಂದು ಲಿವರನ್ನು ಬೆರಳಲ್ಲಿ ನಿಧಾನ ಒತ್ತಿ, ಆ ತಂತಿಯ ಸರಳು ಯಾವ ಕಡೆ ಸರಿಯುತ್ತದೆ ನೋಡಿ. ಚೇಂಜರ್ ಕಡೆಗೆ ತಳ್ಳಿದರೆ ಪುಶ್-ಪುಲ್. ಇದು ಎಮ್ಮನ್ಸ್ ಕಂಪನಿಯ ಹೆಸರುವಾಸಿ ವಿನ್ಯಾಸ. ಏರಿಸುವಾಗಲೂ ಇಳಿಸುವಾಗಲೂ ಸರಳು ಚೇಂಜರ್‌ನಿಂದ ದೂರವೇ ಎಳೆದರೆ ಆಲ್-ಪುಲ್. ಎಂಎಸ್‌ಎ ಸೇರಿ ಬಹಳ ಕಂಪನಿಗಳದ್ದು ಇದೇ, ಹಾಗಾಗಿ ಇಷ್ಟರಿಂದ ಹೆಸರು ಸಿಗದು. ಬಲತುದಿಯ ತಟ್ಟೆಯಲ್ಲಿ ಒಂದು ತಂತಿಗೆ ಎಷ್ಟು ತೂತುಗಳಿವೆ ಎಣಿಸಿ ಬರೆದಿಡಿ, ಬೇರೆ ವಾದ್ಯಗಳೊಡನೆ ಹೋಲಿಸಲು ಬೇಕಾಗುತ್ತದೆ. ಅಡ್ಡ ದಂಡಕ್ಕೆ ಹಲ್ಲುಪಟ್ಟಿಯಂತೆ ಕೂತ ಚೌಕಟ್ಟು, ಅದರಲ್ಲಿ ಸರಳು ಹಿಡಿದ ಪುಟ್ಟ ಉರುಳೆಗಳಿದ್ದರೆ 1970ರ ದಶಕದ ಶೋ-ಬಡ್ ಕಂಪನಿಯ ಕಡೆ ಹೋಗಿ. ಫ್ರೆಟ್‌ಬೋರ್ಡಿನ (ತಂತಿಗಳ ಕೆಳಗೆ ಸ್ವರಸ್ಥಾನ ತೋರಿಸುವ ಪಟ್ಟಿಯ) ಇಸ್ಪೀಟ್ ಚಿಹ್ನೆ ಮಾತ್ರ ನೋಡಿ ಶೋ-ಬಡ್ ಎನ್ನಬೇಡಿ. ಪಟ್ಟಿಯನ್ನು ಬದಲಿಸಬಹುದು, ಉರುಳೆಗಳನ್ನು ಬದಲಿಸುವವರು ಕಡಿಮೆ.

ಅಳತೆ ತೆಗೆದುಕೊಳ್ಳಿ: ನಟ್‌ನ (ಎಡತುದಿಯಲ್ಲಿ ತಂತಿಗಳು ಕೂರುವ ಭಾಗದ) ಉರುಳೆಯ ನಡುವಿನಿಂದ, ಚೇಂಜರ್‌ನಲ್ಲಿ ತಂತಿ ಕೂರುವ ‘ಬೆರಳಿನ’ ತುದಿವರೆಗೆ. 24 ಇಂಚು ಬಹಳ ಕಂಪನಿಗಳದ್ದು. ಅರ್ಧ ಇಂಚು ಹೆಚ್ಚುಕಡಿಮೆ ಇದ್ದರೆ ಬರೆದಿಡಿ, ಅನುಮಾನಿಸಬೇಕಾದ ಕಂಪನಿಗಳ ಪಟ್ಟಿ ಚಿಕ್ಕದಾಗುತ್ತದೆ.

ಟೋನ್ ಗುಂಡಿ ಇದ್ದರೆ ಅದರ ಪಾಟ್ (ಗುಂಡಿಯ ಕೆಳಗಿನ ವಿದ್ಯುತ್ ಬಿಡಿಭಾಗ) ಮೇಲಿನ ಅಂಕಿ ಓದಿ. 1377324 ಎಂದರೆ 137 ಸಿಟಿಎಸ್ ಕಂಪನಿ, 73 ಇಸವಿ, 24 ವಾರ. ವಾದ್ಯ ಅದಕ್ಕಿಂತ ಹಳೆಯದಲ್ಲ ಎನ್ನುವುದಷ್ಟೇ ಇದರ ಅರ್ಥ, ಅದೂ ಪಾಟ್ ಮೂಲದ್ದೇ ಆಗಿದ್ದರೆ. ಅನೇಕ ವಾದ್ಯಗಳಲ್ಲಿ ಗುಂಡಿಯೇ ಇರುವುದಿಲ್ಲ, ಶಬ್ದ ಏರಿಳಿಸಲು ಪ್ರತ್ಯೇಕ ಕಾಲುಪೆಡಲ್ ಇರುತ್ತದೆ. ಆಗ ಮರದ ಒಳಮೈ, ತುದಿತಟ್ಟೆಗಳಲ್ಲಿ ಒತ್ತಿದ ಸಂಖ್ಯೆ ಹುಡುಕಿ.

ಅರ ಹಾಕಿ ಕೈಯಲ್ಲೇ ರೂಪಿಸಿದ ಕೊಂಡಿಗಳು, ನಾಲ್ಕು ಬಗೆಯ ಸ್ಕ್ರೂಗಳು, ಅಂತರ ತಪ್ಪಿದ ತೂತುಗಳು ಕಂಡರೆ ಅದು ಯಾರೋ ಮನೆಯಲ್ಲೇ ಕಟ್ಟಿದ್ದು. ಚೇಂಜರ್ ಒಂದು ಕಂಪನಿಯದ್ದು, ಮರ ಇನ್ನೊಬ್ಬರದ್ದು ಎಂದಿರಬಹುದು. ಎರಡನ್ನೂ ಬೇರೆಯಾಗಿಯೇ ಬರೆಯಿರಿ. ಮಾರುವಾಗ ದೊಡ್ಡ ಕಂಪನಿಯ ಹೊಸ ಫಲಕ ಅಂಟಿಸಲೇಬೇಡಿ: ಮುಂದಿನವರಿಗೆ ಆ ಹಳೆಯ ಸ್ಕ್ರೂ ತೂತುಗಳೇ ಸುಳಿವು. ಅವು ಮುಚ್ಚಿಹೋಗಬಾರದು.