ಬಾವಿ ಹಗ್ಗ ಯಾಕೆ ಹೊಸದು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದರ ಲೋಕವನ್ನು ವರ್ಣಿಸುತ್ತಾ ಆಟ ನಡೆಸುವವರು ಡಂಜನ್ ಮಾಸ್ಟರ್. ಮೊದಲ ಸಲ ಹಾಗೆ ಡಂಜನ್ ಮಾಸ್ಟರ್ ಆಗಿ ಕೂತಾಗ ನನ್ನ ಕೈಲಿ 40 ಪುಟ ತುಂಬಿದ ನೋಟ್‌ಬುಕ್ ಇತ್ತು. ಒಂದು ರಾಜ್ಯ, ಅದರ ಮೂರು ತಲೆಮಾರಿನ ರಾಜರು, ಐದು ಊರು, ಊರಿಗೊಂದು ನಕ್ಷೆ. ಎರಡು ತಿಂಗಳು ರಾತ್ರಿ ಕೂತು ಬರೆದದ್ದು. ನಾಲ್ಕು ಜನ ಗೆಳೆಯರು ದಾಳ ಹಿಡಿದು ಬಂದರು. ಅವರನ್ನು ಬಂದರಿನ ಕಡೆ ಕರೆದುಕೊಂಡು ಹೋಗಬೇಕು ಅಂತ ನನ್ನ ಲೆಕ್ಕ. ಅವರು ಕಾಡಿನ ಕಡೆ ಹೊರಟರು. ಕಾಡಿನ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

"ಆ ದಾರಿ ಮುಚ್ಚಿದೆ" ಅಂದೆ. "ಹಾಗಾದ್ರೆ ಮರ ಹತ್ತಿ ನೋಡ್ತೀವಿ" ಅಂದರು. "ಮರ ಜಾರುತ್ತೆ" ಅಂದೆ. ಅರ್ಧ ಗಂಟೆಯಲ್ಲಿ ಎಲ್ಲರ ಉತ್ಸಾಹ ಇಳಿದುಹೋಯಿತು.

ಆಗ ನಾನು ಕೆಲಸದ ಮೇಲೆ ಅಮೆರಿಕದ ಮಿಲ್ವಾಕಿಯಲ್ಲಿದ್ದೆ. ಅಲ್ಲಿಂದ ಒಂದು ಗಂಟೆ ಕಾರಲ್ಲಿ ಹೋದರೆ ಲೇಕ್ ಜಿನೀವಾ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು 1974ರಲ್ಲಿ ಹೊರತಂದ ಟಿಎಸ್‌ಆರ್ ಕಂಪನಿ ಇದ್ದದ್ದು ಆ ಊರಿನಲ್ಲೇ. 1976ರ ಜೂನ್‌ನಲ್ಲಿ ಅವರು 'ಡ್ರ್ಯಾಗನ್' ಅನ್ನೋ ಪತ್ರಿಕೆ ಶುರು ಮಾಡಿದರು. 2007ರಲ್ಲಿ 359ನೇ ಸಂಚಿಕೆಯೊಂದಿಗೆ ಅದರ ಮುದ್ರಣ ನಿಂತಿತು. ಮಿಲ್ವಾಕಿಯ ಒಂದು ಹಳೇ ಪುಸ್ತಕದಂಗಡಿಯಲ್ಲಿ ಅದರ ಸಂಚಿಕೆಗಳ ಕಟ್ಟೊಂದು ಸಿಕ್ಕಿತು. ಚಿತ್ರ ಚೆನ್ನಾಗಿವೆ ಅಂತ ತಂದೆ. ಚಿತ್ರ ನೋಡಿ ಮುಗಿದ ಮೇಲೆ ಸಲಹೆಯ ಅಂಕಣಗಳಿಗೆ ಬಂದೆ. ನನ್ನ ಆಟ ಬದಲಾದದ್ದು ಅಲ್ಲಿಂದ.

1999ರ ಜನವರಿಯ 255ನೇ ಸಂಚಿಕೆಯಲ್ಲಿ ರೇ ವಿನಿಂಗರ್ 'ಡಂಜನ್‌ಕ್ರಾಫ್ಟ್' ಅನ್ನೋ ಅಂಕಣ ಶುರು ಮಾಡಿದರು. ಹೊಸದಾಗಿ ಆಟ ನಡೆಸುವವರಿಗೆ ತಿಂಗಳು ತಿಂಗಳೂ ಪಾಠ. ಅವರ ಮೊದಲ ನಿಯಮ ಏನು ಗೊತ್ತಾ? ಈಗ ಎಷ್ಟು ಬೇಕೋ ಅಷ್ಟನ್ನೇ ಕಟ್ಟಿಕೋ, ಅದಕ್ಕಿಂತ ಜಾಸ್ತಿ ಬೇಡ. ಒಂದು ಊರು, ಅದರ ಸುತ್ತಮುತ್ತ, ಮೊದಲ ಸಾಹಸಕ್ಕೆ ಒಂದು ಜಾಗ. ರಾಜರ ವಂಶಾವಳಿ ಆಮೇಲೆ. ಎರಡನೇ ನಿಯಮ: ಮುಖ್ಯವಾದದ್ದು ಏನೇ ಕಟ್ಟಿದರೂ ಅದರ ಹಿಂದೆ ಒಂದು ಗುಟ್ಟು ಇಡು.

ಮೊದಲನೆಯದು ಓದಿದ ತಕ್ಷಣ ಅರ್ಥವಾಯಿತು. ಎರಡನೆಯದು ಆಡಿಸಿದ ಮೇಲೇ ಅರ್ಥವಾದದ್ದು.

ರಾಜ್ಯವನ್ನು ಪಕ್ಕಕ್ಕಿಟ್ಟೆ. ಒಂದು ಹಳ್ಳಿ ಮಾತ್ರ ಮಾಡಿದೆ. ಅಂಗೈಯಗಲದ ರಟ್ಟಿನ ಕಾರ್ಡುಗಳು, ಒಂದೊಂದಕ್ಕೆ ಒಂದು ಜಾಗ. ಮುಂದೆ ಎಲ್ಲರಿಗೂ ಕಾಣುವುದು, ಹಿಂದೆ ಗುಟ್ಟು. ಬಾವಿಯ ಕಾರ್ಡಿನ ಮುಂದೆ 'ಕಲ್ಲಿನ ಕಟ್ಟೆ, ರಾಟೆ, ತಣ್ಣಗಿನ ನೀರು' ಅಂತ ಬರೆದೆ. ಹಿಂದೆ ಬರೆದದ್ದು ಇಷ್ಟೇ: 'ಅರ್ಧ ಆಳದಲ್ಲಿ ಒಂದು ಬಾಗಿಲಿದೆ. ಕಮ್ಮಾರನ ತಂಗಿ ಪ್ರತಿ ಅಮಾವಾಸ್ಯೆಗೆ ಇಳಿಯುತ್ತಾಳೆ.'

ಶನಿವಾರ ಸಂಜೆ ಆಟ. ನಾವು ಆಡುವುದು ಕನ್ನಡದಲ್ಲೇ, ಸ್ಪೆಲ್‌ಗಳ, ಅಂದರೆ ಮಂತ್ರಗಳ, ಹೆಸರು ಮಾತ್ರ ಇಂಗ್ಲಿಷಿನವು. ಹಳ್ಳಿಯನ್ನು ವರ್ಣಿಸುತ್ತಾ ಬಾವಿಯ ಹತ್ತಿರ ಬಂದೆ. ಆ ಗುಟ್ಟು ತಲೆಯಲ್ಲಿ ಇತ್ತಲ್ವಾ, ಬಾಯಿಂದ ತಾನಾಗೇ ಬಂತು: "ಕಟ್ಟೆ ಹಳೇದು, ರಾಟೆಗೆ ತುಕ್ಕು ಹಿಡಿದಿದೆ, ಹಗ್ಗ ಮಾತ್ರ ಹೊಸದು." ಕಾರ್ಡಿನಲ್ಲಿ ಹಗ್ಗದ ಮಾತೇ ಇರಲಿಲ್ಲ.

ಒಬ್ಬ ಗೆಳತಿ ಚಿಪ್ಸ್ ತಿನ್ನುತ್ತಿದ್ದವಳು ಕೈ ನಿಲ್ಲಿಸಿದಳು. "ಹಗ್ಗ ಯಾಕೆ ಹೊಸದು?"

ಆ ಒಂದು ಪ್ರಶ್ನೆಯ ಮೇಲೆ ಮೂರು ವಾರ ಆಟ ನಡೆಯಿತು. ಹಗ್ಗ ಮಾರುವವನನ್ನು ವಿಚಾರಿಸಿದರು. ಅಮಾವಾಸ್ಯೆ ರಾತ್ರಿ ಕಟ್ಟೆಯ ಹಿಂದೆ ಅವಿತು ಕಾದರು. ಅವರು ಏನೇ ಕೇಳಿದರೂ ನನ್ನ ಹತ್ತಿರ ಉತ್ತರ ಇತ್ತು, ಯಾಕೆಂದರೆ ನಿಜ ಏನು ಅಂತ ನನಗೆ ಗೊತ್ತಿತ್ತು. ಗುಟ್ಟು ಇಡುವುದು ಆಡುವವರನ್ನು ಬೆರಗುಗೊಳಿಸೋಕೆ ಅಂತ ನಾನು ತಿಳಿದಿದ್ದೆ. ಅದಕ್ಕಿಂತ ಜಾಸ್ತಿ ಅದು ಆಟ ನಡೆಸುವವರಿಗೇ ಬೇಕು. ಬರೆಯದೇ ಇದ್ದ ಕಾಡಿಗೆ ಅವರು ಹೊರಟರೂ ಈಗ ನಾನು ದಾರಿ ಮುಚ್ಚುವುದಿಲ್ಲ.

ಇನ್ನೊಂದು ಅಂಕಣ 'ಸೇಜ್ ಅಡ್ವೈಸ್'. ಓದುಗರು ನಿಯಮಗಳ ಬಗ್ಗೆ ಕಾಗದ ಬರೆಯೋರು, ಪತ್ರಿಕೆ ಉತ್ತರ ಕೊಡೋದು. 1979ರಲ್ಲಿ 31ನೇ ಸಂಚಿಕೆಯಲ್ಲಿ ಇದನ್ನು ಶುರು ಮಾಡಿದವರು ಜೀನ್ ವೆಲ್ಸ್, ಟಿಎಸ್‌ಆರ್‌ನಲ್ಲಿ ಆಟ ರೂಪಿಸುವ ಕೆಲಸಕ್ಕೆ ಬಂದ ಮೊದಲ ಹೆಂಗಸು. ಮುಂದೆ ಸ್ಕಿಪ್ ವಿಲಿಯಮ್ಸ್ ಎಷ್ಟೋ ವರ್ಷ ನಡೆಸಿದರು. ನನ್ನ ಕಟ್ಟಿನಲ್ಲಿ ಇದ್ದವು ಅವರ ಉತ್ತರಗಳು. ನಾವು ಆಡುವ ನಿಯಮ ಹೊಸ ಆವೃತ್ತಿಯದು, ಹಾಗಾಗಿ ಅವರ ತೀರ್ಮಾನಗಳು ನೇರವಾಗಿ ಉಪಯೋಗಕ್ಕೆ ಬರಲ್ಲ. ಆದರೂ ಒಂದೊಂದನ್ನೂ ಓದಿದೆ. ಒಂದು ಮೇಜಿನ ಜಗಳಕ್ಕೆ ಕೊಟ್ಟ ಉತ್ತರ ಅಚ್ಚಾದ ಮೇಲೆ ಎಲ್ಲ ಮೇಜಿಗೂ ಅದೇ ಮಾತು. ಅದು ನನಗೆ ಬಹಳ ಹಿಡಿಸಿತು.

ನಮ್ಮಲ್ಲೂ ಒಂದು ಜಗಳ ಆಯಿತು. ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಾ ಬಾಣ ಬಿಡಬಹುದಾ? "ಬಿಲ್ಲಿಗೆ ಎರಡು ಕೈ ಬೇಕು ಕಣೋ" ಅಂತ ಒಬ್ಬ. "ಸೊಂಟಕ್ಕೆ ಹಗ್ಗ ಕಟ್ಕೊಂಡಿದೀನಲ್ಲ, ಕಾಲು ಗೋಡೆಗೆ ಒತ್ತಿ ನಿಲ್ತೀನಿ" ಅಂತ ಇನ್ನೊಬ್ಬ. ಇಬ್ಬರ ಮಾತೂ ಸರಿ. ನಾನು ಹೇಳಿದೆ: ಸೊಂಟಕ್ಕೆ ಕಟ್ಟಿದ್ದರೆ ಬಿಡಬಹುದು, ಆದರೆ 20 ಮುಖದ ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು. ಹೇಳಿ ಬಿಡಲಿಲ್ಲ. ನೋಟ್‌ಬುಕ್‌ನ ಕೊನೇ ಪುಟದಲ್ಲಿ ತಾರೀಕು ಹಾಕಿ, ಕಾರಣದ ಸಮೇತ ಬರೆದೆ. ಕೆಲವು ವಾರ ಬಿಟ್ಟು ನಾನು ಆಡಿಸುತ್ತಿದ್ದ ಗಾಬ್ಲಿನ್ (ಪುಟ್ಟ ರಾಕ್ಷಸ) ಒಂದು ಹಗ್ಗದಲ್ಲಿ ಇಳಿಯುತ್ತಾ ಬಾಣ ಹೂಡಿತು. ಬಿಲ್ಲಿಗೆ ಎರಡು ಕೈ ಬೇಕು ಅಂದಿದ್ದ ಗೆಳೆಯ ಏನೂ ಮಾತಾಡದೆ ಎರಡನೇ ದಾಳವನ್ನು ನನ್ನ ಮುಂದೆ ಇಟ್ಟ. ಎರಡೂ ಉರುಳಿಸಿದೆ, ಕಡಿಮೆಯದನ್ನೇ ಹಿಡಿದೆ. ಬಾಣ ತಾಗಲಿಲ್ಲ.

ಈಗ ಆ ಕೊನೇ ಪುಟ ಒಂಬತ್ತು ಪುಟ ಆಗಿದೆ. ಆಟದ ಹಿಂದಿನ ರಾತ್ರಿ ನಾನು ಕೂರುವುದು ಮುಕ್ಕಾಲು ಗಂಟೆ, ನಾಲ್ಕೈದು ಕಾರ್ಡು, ಅಷ್ಟೇ. ಈ ಶನಿವಾರಕ್ಕೆ ಒಂದು ದೋಣಿ ಬರೆದಿದ್ದೇನೆ. ಕಾರ್ಡಿನ ಹಿಂದೆ ಏನಿದೆ ಅಂತ ಇಲ್ಲಿ ಹೇಳಲ್ಲ, ಆಡುವವರೂ ಇದನ್ನು ಓದುತ್ತಾರೆ.